ಮಂಗಳೂರಿನ ಅಂತರ್ಜಾಲ ಪಟ್ಟಾಂಗ: ಲಿಪಿ, ಯಂತ್ರ, ರಾಜಕಾರಣ

ಅಂತರ್ಜಾಲದಲ್ಲಿ ಸಾಮಾನ್ಯರು ಆಡುವ ಬಿಡಿ ಮಾತುಗಳನ್ನು ಕನ್ನಡ ಸಂಶೋಧನೆ ಚರಿತ್ರೆಯ ಆಕರವೆಂದು ಎಣಿಸಿದ್ದು ಕಡಿಮೆ. ಹೊಸ ಫೋನಿನ ಗುಣಾವಗುಣ, ಶಾಸಕರೊಬ್ಬರ ಹೇಳಿಕೆ, ನಿನ್ನೆ ರಾತ್ರಿ ಹರಿದಾಡಿದ ವಿಡಿಯೋ, ಹೀಗೆ ಯಾವುದರ ಮೇಲಾದರೂ ಹುಟ್ಟುವ ಈ ಮಾತಿಗೆ ಶಾಸನದ, ಕಡತದ, ಪತ್ರಿಕೆಯ ಮರ್ಯಾದೆ ಸಿಕ್ಕಿಲ್ಲ. ಮಂಗಳೂರಿನ ಮಟ್ಟಿಗೆ ಈ ಅಸಡ್ಡೆಯಿಂದ ಆಗುತ್ತಿರುವ ನಷ್ಟ ದೊಡ್ಡದು. ಕಳೆದ ಎರಡು ದಶಕಗಳಲ್ಲಿ ಈ ನಗರ ತನ್ನ ಜಗಳ, ಭಯ, ಭಾಷಾಭಿಮಾನ, ತಮಾಷೆಗಳನ್ನು ಬಹುಪಾಲು ತೋಡಿಕೊಂಡದ್ದು ಇಂಥ ಪಟ್ಟಾಂಗದಲ್ಲಿಯೇ. ಇದರ ಚರಿತ್ರೆಯನ್ನು ಗುರುತಿಸುವಾಗ ಎರಡು ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಯಾರ ಮಾತು ಹತ್ತು ಜನರನ್ನು ಮುಟ್ಟಿತು ಎಂಬುದನ್ನು ನಿರ್ಧರಿಸಿದ್ದು ಅವರ ಲಿಪಿಯನ್ನು ಹೊರಬಲ್ಲ ಯಂತ್ರ. ಆ ಮಾತು ಉಳಿಯಿತೋ ಅಳಿಯಿತೋ ಎಂಬುದನ್ನು ನಿರ್ಧರಿಸಿದ್ದು ಆ ಯಂತ್ರದ ಒಡೆತನ.

ಈ ಕತೆ ಅಚ್ಚಿನ ಕಾಲದಿಂದಲೇ ಆರಂಭವಾಗುತ್ತದೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ಕರ್ನಾಟಕ ಪತ್ರಿಕಾ ದಿನವಾಗಿ ಆಚರಿಸುತ್ತದೆ. ಪಾಕ್ಷಿಕವಾಗಿದ್ದ ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಊರ ಸುದ್ದಿ, ಸರಕಾರದ ಆಜ್ಞೆ, ಪರದೇಶದ ವರ್ತಮಾನ, ನೀತಿಕತೆ ಎಲ್ಲವೂ ಅದರಲ್ಲಿ ಒಟ್ಟಿಗೆ ಬರುತ್ತಿದ್ದವು. ಮರುವರ್ಷ, 1844ರಲ್ಲಿ, ಮುದ್ರಣದ ಅನುಕೂಲಕ್ಕಾಗಿ ಪತ್ರಿಕೆ ಬಳ್ಳಾರಿಗೆ ಹೋಯಿತು. ಅಲ್ಲಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ನಡೆದು, ಆ ವರ್ಷವೇ ನಿಂತಿತು. ಕನ್ನಡದ ಮೊದಲ ಪತ್ರಿಕೆ ಹುಟ್ಟೂರನ್ನು ಬಿಟ್ಟದ್ದು ಯಂತ್ರದ ಕಾರಣಕ್ಕೆ ಎಂಬುದು ಗಮನಿಸಬೇಕಾದ ಮಾತು.

ಪತ್ರಿಕೆಗಿಂತ ದೂರಗಾಮಿಯಾದ ತೀರ್ಮಾನವೊಂದು ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಆಯಿತು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಲಾಯಿತು. ತಿಗಳಾರಿ ಎಂದೂ ತುಳು ಲಿಪಿ ಎಂದೂ ಕರೆಯುವ ಅಕ್ಷರಗಳು ಕರಾವಳಿಯ ತಾಳೆಗರಿಗಳಲ್ಲಿ ಆಗಲೂ ಬಳಕೆಯಲ್ಲಿದ್ದವು. ಅವುಗಳಲ್ಲಿ ಹೆಚ್ಚಿನವು ಸಂಸ್ಕೃತ ಗ್ರಂಥಗಳು. ಆ ಲಿಪಿಯಲ್ಲಿ ತುಳು ಕಾವ್ಯವೂ ಇತ್ತೆಂಬುದು ವೆಂಕಟರಾಜ ಪುಣಿಂಚತ್ತಾಯರು ‘ಶ್ರೀ ಭಾಗವತೊ’ವನ್ನು ಬೆಳಕಿಗೆ ತಂದ ಮೇಲೆ ಎಲ್ಲರಿಗೂ ತಿಳಿಯಿತು. ಆದರೆ ಅಚ್ಚುಮೊಳೆ ಸಿದ್ಧವಾದದ್ದು ಕನ್ನಡಕ್ಕೆ. 1886ರ ಮ್ಯಾನರ್ ಅವರ ತುಳು ನಿಘಂಟು, 1894ರ ಕಿಟ್ಟೆಲ್ ಅವರ ಕನ್ನಡ ನಿಘಂಟು ಎರಡೂ ಈ ಮುದ್ರಣಾಲಯದ ಕೆಲಸಗಳೇ. ಮಂಗಳೂರಿನ ಕೊಂಕಣಿಯೂ ಇದೇ ದಾರಿ ಹಿಡಿಯಿತು. 1912ರ ‘ಕೊಂಕಣಿ ದಿರ್ವೆಂ’, 1938ರ ‘ರಾಕ್ಣೊ’ ಕನ್ನಡ ಅಕ್ಷರಗಳಲ್ಲಿ ಬಂದವು. ಇಂದು ಕೂಳೂರಿನ ಹುಡುಗನೊಬ್ಬ ತುಳುವಿನಲ್ಲಿ ಒಂದು ಸಾಲು ಬರೆಯುವಾಗ ಬೆರಳು ಕನ್ನಡ ಅಕ್ಷರಕ್ಕೋ ಇಂಗ್ಲಿಷ್ ಅಕ್ಷರಕ್ಕೋ ಹೋಗುವುದರ ಹಿಂದೆ ಈ ಚರಿತ್ರೆ ಇದೆ.

ಮುದ್ರಣದ ಆಚೆಗೂ ಕರಾವಳಿಯಲ್ಲಿ ಸಾರ್ವಜನಿಕ ಮಾತಿಗೆ ಗಟ್ಟಿ ನೆಲೆಯಿತ್ತು. ತಾಳಮದ್ದಳೆಯ ಅರ್ಥಧಾರಿ ಕೃಷ್ಣನೋ ಕೌರವನೋ ಆಗಿ ಕುಳಿತು, ಬರೆದಿಟ್ಟ ಮಾತಿಲ್ಲದೆ, ಎದುರಾಳಿಯ ವಾದಕ್ಕೆ ಸ್ಥಳದಲ್ಲಿಯೇ ಉತ್ತರ ಕಟ್ಟುತ್ತಾನೆ. ಯಕ್ಷಗಾನದ ಹಾಸ್ಯಗಾರ ಪುರಾಣದ ನಡುವೆ ಊರಿನ ರಾಜಕೀಯವನ್ನು ತರುತ್ತಾನೆ. ಕರಾವಳಿಯವರ ಅಂತರ್ಜಾಲ ವಾಗ್ವಾದದಲ್ಲಿ ಕಾಣುವ ಉದ್ದುದ್ದ ತರ್ಕ, ಪುರಾಣದ ಉದಾಹರಣೆ, ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸುವ ಚಮತ್ಕಾರ ಇವುಗಳಿಗೆ ಮೂಲ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಕೊರತೆಯೂ ಅಲ್ಲಿಂದಲೇ ಹೊಳೆಯುತ್ತದೆ. ತಾಳಮದ್ದಳೆಯಲ್ಲಿ ಎಷ್ಟೇ ಜಿದ್ದು ಬಿದ್ದರೂ ಭಾಗವತರ ಪದ್ಯ ಮಾತಿಗೆ ಗಡಿ ಹಾಕುತ್ತದೆ. ಫೋನಿನ ಪರದೆಯ ಮೇಲೆ ಆ ಗಡಿ ಇಲ್ಲ.

ಇಪ್ಪತ್ತನೆಯ ಶತಮಾನದ ಪತ್ರಿಕೆಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಡೆಂಗೋಡ್ಲು ಶಂಕರಭಟ್ಟರು ಸಂಪಾದಿಸಿದ ‘ರಾಷ್ಟ್ರಬಂಧು’ವಿನಿಂದ ಹಿಡಿದು, ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದಲೇ ಷೇರು ಬಂಡವಾಳ ಕೂಡಿಸಿ ಆರಂಭಿಸಿದ ‘ಮುಂಗಾರು’ವರೆಗೆ ಅದು ಬೇರೆಯೇ ಅಧ್ಯಯನ. ನಮ್ಮ ವಿಷಯಕ್ಕೆ ಬೇಕಾದದ್ದು ‘ಮುಂಗಾರು’ ಎತ್ತಿದ ಪ್ರಶ್ನೆ: ಮಾತಿನ ಸಾಧನ ಯಾರ ಕೈಯಲ್ಲಿರಬೇಕು? ಆ ಪ್ರಶ್ನೆ ಅಂತರ್ಜಾಲದ ಕಾಲದಲ್ಲಿ ಇನ್ನಷ್ಟು ತೀವ್ರವಾಯಿತು.

ಅಂತರ್ಜಾಲದಲ್ಲಿ ಕನ್ನಡ ಮಾತಾಡಿತು ಎಂದರೆ ಅದರ ಹಿಂದೆ ಮಂಗಳೂರು ಸೀಮೆಯವರ ಪಾಲು ದೊಡ್ಡದು. ಕಿನ್ನಿಕಂಬಳದ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್, ಮುಂಬಯಿಯಲ್ಲಿ ಟಾಟಾ ಪ್ರೆಸ್ ಮತ್ತು ಮಾನೋಟೈಪ್ ಸಂಸ್ಥೆಗಳಲ್ಲಿ ಭಾರತೀಯ ಲಿಪಿಗಳ ಅಕ್ಷರಜೋಡಣೆಯನ್ನು ಕಂಪ್ಯೂಟರಿಗೆ ತಂದವರು. ಕನ್ನಡದ ಸ್ವರ, ವ್ಯಂಜನ, ಒತ್ತಕ್ಷರಗಳ ಲೆಕ್ಕವಿಲ್ಲದಷ್ಟು ಜೋಡಣೆಗಳಿಗೆ ಹಳೆಯ ಟೈಪ್‌ರೈಟರ್ ಬೇರೆ ಬೇರೆ ತುಂಡುಗಳನ್ನು ಇಟ್ಟುಕೊಂಡಿತ್ತು. ಅದನ್ನು ಕಲಿಯಲು ತರಬೇತಿಯೇ ಬೇಕಿತ್ತು. ರಾವ್ ಅವರು ಧ್ವನಿಯ ನಿಯಮವನ್ನು ಹಿಡಿದರು. ವ್ಯಂಜನಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು ಕೀಲಿ, ಒತ್ತಿಗಾಗಿ ಜೋಡಿಸುವ ಒಂದು ಕೀಲಿ. ಉಳಿದ ಕೂಡಿಕೆಯನ್ನು ಕಂಪ್ಯೂಟರ್ ಮಾಡಿಕೊಳ್ಳುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ ಇಡೀ ಕನ್ನಡ ಹಿಡಿಯಿತು. ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟ ತಂತ್ರಾಂಶವನ್ನು ಅವರು ಉಚಿತವಾಗಿ ಹಂಚಿದರು. ಕೀಲಿಮಣೆಯ ಮೇಲೆ ಹಕ್ಕು ಸಾಧಿಸಲು ಹೋಗಲಿಲ್ಲ. ಕರ್ನಾಟಕ ಸರಕಾರ ಒಪ್ಪಿಕೊಂಡದ್ದೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಳಸಿದ್ದೂ ಈ ವಿನ್ಯಾಸವನ್ನೇ. ಕನ್ನಡದಲ್ಲಿ ಪಟ್ಟಾಂಗ ಹೊಡೆಯುವ ಪ್ರತಿಯೊಬ್ಬರೂ ಅವರಿಗೆ ಋಣಿಗಳು. ಈ ಮಾತನ್ನು ಔಪಚಾರಿಕತೆಗಾಗಿ ಹೇಳುತ್ತಿಲ್ಲ.

ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’ ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದ ಮೇಲೆ ಹೊರದೇಶದ ಕನ್ನಡಿಗರ ಮನೆಗಳಲ್ಲಿಯೂ ಕನ್ನಡ ಬರೆಯುವುದು ಸುಲಭವಾಯಿತು. ಆದರೂ ತೊಡಕಿತ್ತು. ಒಬ್ಬರು ಬರೆದದ್ದನ್ನು ಓದಲು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅದೇ ಅಕ್ಷರಶೈಲಿ ಇರಬೇಕಿತ್ತು. ಯುನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿದ್ದರೂ, 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬರುವವರೆಗೆ ಸಾಮಾನ್ಯ ಬಳಕೆದಾರರಿಗೆ ಅದರ ಪ್ರಯೋಜನ ಮುಟ್ಟಲಿಲ್ಲ. ಮಂಗಳೂರಿನ ಮೊದಲ ತಲೆಮಾರಿನ ಅಂತರ್ಜಾಲ ಮಾತು ಇಂಗ್ಲಿಷಿನಲ್ಲಿ ನಡೆಯಲು ಇದೊಂದು ಮುಖ್ಯ ಕಾರಣ. ವಾಲ್ಟರ್ ನಂದಳಿಕೆ ಅವರು 2001ರಲ್ಲಿ ಕಟ್ಟಿದ ‘ದಾಯ್ಜಿವರ್ಲ್ಡ್’ ಊರಿನ ಸುದ್ದಿಯನ್ನು ಕೊಲ್ಲಿ ದೇಶಗಳಿಗೆ ಇಂಗ್ಲಿಷಿನಲ್ಲಿ ತಲುಪಿಸಿತು. ದುಬೈ, ಕುವೈತ್, ಮಸ್ಕತ್ತುಗಳಲ್ಲಿ ದುಡಿಯುವವರು ಊರಿನ ರಸ್ತೆ, ಇಗರ್ಜಿ, ಕಂಬಳ, ಚುನಾವಣೆಗಳ ಮೇಲೆ ಅಭಿಪ್ರಾಯ ಹೇಳತೊಡಗಿದರು. ಮಂಗಳೂರಿನಲ್ಲಿ ಇಲ್ಲದವರು ಮಂಗಳೂರಿನ ಸಾರ್ವಜನಿಕ ಮಾತಿನಲ್ಲಿ ಪಾಲುದಾರರಾದರು. ಈ ನಂಟಿನ ಆಳ ತಿಳಿದದ್ದು 2010ರ ಮೇ 22ರಂದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಅಪಘಾತಕ್ಕೀಡಾಗಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಕರಾವಳಿಯ ಮತ್ತು ಕಾಸರಗೋಡಿನ ಎಷ್ಟೋ ಮನೆಗಳಿಗೆ ಅದು ಸಮುದ್ರದ ಎರಡೂ ದಡಗಳ ದುಃಖವಾಗಿತ್ತು.

ಅದಕ್ಕೆ ಒಂದು ವರ್ಷ ಮೊದಲು, 2009ರ ಜನವರಿ 24ರಂದು, ನಗರದ ಪಬ್ಬೊಂದರಲ್ಲಿದ್ದ ಯುವತಿಯರ ಮೇಲೆ ಶ್ರೀರಾಮ ಸೇನೆಯ ಹೆಸರಿನಲ್ಲಿ ಹಲ್ಲೆ ನಡೆಯಿತು. ಟಿ.ವಿ. ಕ್ಯಾಮರಾಗಳಲ್ಲಿ ಸೆರೆಯಾದ ದೃಶ್ಯ ದೇಶವಿಡೀ ಹಬ್ಬಿತು. ದೆಹಲಿಯ ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್ಕಿನಲ್ಲಿ ಗುಂಪು ಕಟ್ಟಿ, ಪ್ರೇಮಿಗಳ ದಿನಕ್ಕೆ ಗುಲಾಬಿ ಬಣ್ಣದ ಚಡ್ಡಿಗಳನ್ನು ಸೇನೆಯ ಕಚೇರಿಗೆ ಕಳಿಸುವ ಅಭಿಯಾನ ನಡೆಸಿದರು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಸೇರಿದರು. ಭಾರತದಲ್ಲಿ ಸಾಮಾಜಿಕ ಜಾಲತಾಣದ ರಾಜಕೀಯ ಪ್ರತಿಭಟನೆಗೆ ಇದು ಮೊದಲ ದೊಡ್ಡ ಉದಾಹರಣೆಗಳಲ್ಲಿ ಒಂದು. ಮಂಗಳೂರು ಅದರ ವಿಷಯವಾಯಿತು. ಮಾತಾಡಿದವರಲ್ಲಿ ಹೆಚ್ಚಿನವರು ಹೊರಗಿನವರು, ಮಾತಾಡಿದ ಭಾಷೆ ಇಂಗ್ಲಿಷ್. ಆ ದಿನ ಏಟು ತಿಂದ ನಗರದ ಹೆಣ್ಣುಮಕ್ಕಳು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಏನು ಹೇಳಿಕೊಂಡರು ಎಂಬುದು ಅಂತರ್ಜಾಲದ ಆಕರಗಳಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ. ಆ ಫೇಸ್‌ಬುಕ್ ಗುಂಪೂ ಕೆಲವು ತಿಂಗಳಲ್ಲಿ ಹ್ಯಾಕಿಂಗಿಗೆ ಗುರಿಯಾಯಿತು. 2018ರಲ್ಲಿ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿದಾಗ ಹಳೆಯ ಮಾತುಗಳನ್ನು ತೆಗೆದು ನೋಡಲು ಆ ಗುಂಪು ಇರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಪಟ್ಟಾಂಗದ ಜಾಗ ವಾಟ್ಸ್ಆ್ಯಪ್ ಗುಂಪುಗಳಿಗೆ ಬದಲಾಯಿತು. ಬರೆಯಲು ತೊಡಕುಪಡುತ್ತಿದ್ದವರಿಗೆ ಧ್ವನಿ ಸಂದೇಶ ದೊಡ್ಡ ಬಿಡುಗಡೆ. ತುಳು ಮತ್ತು ಬ್ಯಾರಿ ಮಾತುಗಳು ಲಿಪಿಯ ಹಂಗಿಲ್ಲದೆ ಹರಿದವು. ತುಳು ಟ್ರೋಲ್ ಪೇಜುಗಳು, ಸಿನಿಮಾ ನಗೆತುಣುಕುಗಳು, ಚುನಾವಣಾ ಗೇಲಿಗಳು ಹೆಚ್ಚಿದವು. ವದಂತಿಯೂ ಅದೇ ವೇಗದಲ್ಲಿ ಹರಿಯಿತು. ಕೋಮು ಉದ್ವೇಗದ ಹಳೆಯ ಗಾಯಗಳಿರುವ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಕರ್ಫ್ಯೂ ಬಂತು, ಮೊಬೈಲ್ ಇಂಟರ್‌ನೆಟ್ ನಿಂತಿತು. ಆಮೇಲೆ ಪೊಲೀಸರು ಒಂದಷ್ಟು ವಿಡಿಯೋಗಳನ್ನು, ಪ್ರತಿಭಟನಕಾರರ ಪರವಾದವರು ಇನ್ನಷ್ಟು ವಿಡಿಯೋಗಳನ್ನು ಮುಂದಿಟ್ಟರು. ಅಂದು ಏನಾಯಿತೆಂಬ ವಾದ ನಡೆದದ್ದು ಈ ತುಣುಕುಗಳ ಮೇಲೆ. ಮರುತಿಂಗಳು, 2020ರ ಜನವರಿ 10ರಂದು, ಸುಪ್ರೀಂ ಕೋರ್ಟು ಅನುರಾಧಾ ಭಸೀನ್ ಪ್ರಕರಣದಲ್ಲಿ ಇಂಟರ್‌ನೆಟ್ ಸ್ಥಗಿತದ ಆದೇಶಗಳನ್ನು ಪ್ರಕಟಿಸಲೇಬೇಕು, ಅವು ಅನಿರ್ದಿಷ್ಟವಾಗಿರಕೂಡದು ಎಂದಿತು. ಅದು ಕಾಶ್ಮೀರದ ಪ್ರಕರಣವಾದರೂ ಮಂಗಳೂರಿಗೂ ಅನ್ವಯಿಸುವ ಮಾತು.

ಮಾತನ್ನು ತಡೆಯುವ ಇನ್ನೊಂದು ದಾರಿ ನ್ಯಾಯಾಲಯದ್ದು. 2025ರ ಜುಲೈಯಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿತ್ತೆಂಬ ಆರೋಪದ ಪ್ರಕರಣ ಕಾವೇರಿದಾಗ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು 8,800ಕ್ಕೂ ಹೆಚ್ಚು ಅಂತರ್ಜಾಲ ಕೊಂಡಿಗಳನ್ನು ತೆಗೆಯುವಂತೆ ಏಕಪಕ್ಷೀಯ ತಡೆಯಾಜ್ಞೆ ನೀಡಿತು. ‘ಕುಡ್ಲ ರ‍್ಯಾಂಪೇಜ್’ ಯೂಟ್ಯೂಬ್ ಚಾನೆಲ್ ಅದನ್ನು ಪ್ರಶ್ನಿಸಿತು. ಆಗಸ್ಟ್ 1ರಂದು ಹೈಕೋರ್ಟು ಆ ಚಾನೆಲ್ಲಿಗೆ ಸಂಬಂಧಿಸಿ ಆದೇಶವನ್ನು ರದ್ದುಮಾಡಿತು. ಆರೋಪಗಳ ಸತ್ಯಾಸತ್ಯ ಇಲ್ಲಿ ನಮ್ಮ ವಿಷಯವಲ್ಲ. ಸುಳ್ಳು ಆರೋಪದಿಂದ ಮಾನ ಕಳೆದುಕೊಳ್ಳುವವರಿಗೂ ರಕ್ಷಣೆ ಬೇಕು. ಆದರೆ ಸಾವಿರಗಟ್ಟಲೆ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸದೆ ಒಂದೇ ಆಜ್ಞೆಯಲ್ಲಿ ಅಳಿಸಹೊರಡುವುದು ನ್ಯಾಯದ ದೃಷ್ಟಿಯಿಂದಲೂ ಚರಿತ್ರೆಯ ದೃಷ್ಟಿಯಿಂದಲೂ ತಪ್ಪು.

ತುಳುವಿನ ಕತೆ ಈ ನಡುವೆ ಬೇರೊಂದು ತಿರುವು ಪಡೆಯಿತು. 2011ರ ಜನಗಣತಿಯ ಪ್ರಕಾರ 18,46,427 ಮಂದಿ ಆಡುವ ಈ ಭಾಷೆ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿಲ್ಲ. ಕೊಂಕಣಿ 1992ರಲ್ಲಿ ಸೇರಿತು. 2017ರ ಆಗಸ್ಟಿನಲ್ಲಿಯೂ 2021ರ ಜೂನಿನಲ್ಲಿಯೂ ತುಳುವರು ಟ್ವಿಟರಿನಲ್ಲಿ ಹ್ಯಾಶ್‌ಟ್ಯಾಗ್ ಅಭಿಯಾನ ನಡೆಸಿ ಮನ್ನಣೆ ಕೇಳಿದರು. ಸರಕಾರದಿಂದ ಆಗದ್ದು ಬೇರೆ ಕಡೆಗಳಲ್ಲಿ ಆಯಿತು. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಜೀವ ತಳೆಯಿತು. 2024ರ ಜೂನಿನಲ್ಲಿ ಗೂಗಲ್ ಅನುವಾದಕ್ಕೆ ಸೇರಿದ 110 ಭಾಷೆಗಳಲ್ಲಿ ತುಳುವೂ ಇತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿ ತುಳು-ತಿಗಳಾರಿ ಲಿಪಿಯನ್ನು ಒಳಗೊಂಡಿತು. ಅಚ್ಚುಮೊಳೆಯ ಕಾಲದಲ್ಲಿ ಹೊರಗುಳಿದ ಅಕ್ಷರಗಳು ಸುಮಾರು ಒಂದೂಮುಕ್ಕಾಲು ಶತಮಾನದ ಮೇಲೆ ಯಂತ್ರದೊಳಗೆ ಬಂದವು. ಆದರೆ ಗೂಗಲ್ಲಾಗಲಿ ಟ್ವಿಟರಾಗಲಿ ತುಳುನಾಡಿನವರಿಗೆ ಉತ್ತರ ಕೊಡಬೇಕಾದ ಸಂಸ್ಥೆಗಳಲ್ಲ. ಕೊಟ್ಟದ್ದನ್ನು ಹಿಂತೆಗೆಯಲು ಅವರು ಯಾರನ್ನೂ ಕೇಳಬೇಕಾಗಿಲ್ಲ.

ಒಡೆತನದ ಮಾತು ಇಲ್ಲಿ ನಿಜವಾಗಿ ಕಚ್ಚುತ್ತದೆ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. 2019ರಲ್ಲಿ ಗೂಗಲ್ ಪ್ಲಸ್, 2020ರಲ್ಲಿ ಯಾಹೂ ಗ್ರೂಪ್ಸ್ ಹೋದವು. 2020ರ ಜೂನ್ 29ರಂದು ಟಿಕ್‌ಟಾಕನ್ನು ಭಾರತ ನಿಷೇಧಿಸಿತು. ಪ್ರತಿ ಸಲವೂ ಊರಿನ ಒಂದಷ್ಟು ಮಾತು, ಹಾಸ್ಯ, ಜಗಳ ಹೇಳಹೆಸರಿಲ್ಲದೆ ಹೋಯಿತು. ಇದರ ಎದುರು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲನ್ನು ಇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಕಲ್ಲಚ್ಚು, ಮೊಳೆಯಚ್ಚುಗಳಿಂದ ಹೊರಬಂದ ಕನ್ನಡ, ತುಳು ಪುಸ್ತಕಗಳನ್ನು ಅಲ್ಲಿ ಇಂದು ಯಾರು ಬೇಕಾದರೂ ಓದಬಹುದು. ಮಿಷನರಿಗಳ ಕಾಗದಪತ್ರಗಳು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಒಂದೂಮುಕ್ಕಾಲು ಶತಮಾನದ ಹಿಂದಿನ ಮಂಗಳೂರನ್ನು ಓದುವುದು 2009ರ ಮಂಗಳೂರಿನ ಅಂತರ್ಜಾಲವನ್ನು ಓದುವುದಕ್ಕಿಂತ ಸುಲಭವಾಗಿದೆ.

ಆದ್ದರಿಂದ ಮಂಗಳೂರು ವಿಶ್ವವಿದ್ಯಾಲಯ, ಕರ್ನಾಟಕ ತುಳು, ಕೊಂಕಣಿ, ಬ್ಯಾರಿ ಸಾಹಿತ್ಯ ಅಕಾಡೆಮಿಗಳು ಸೇರಿ ಒಂದು ಸಾರ್ವಜನಿಕ ಸಂಗ್ರಹವನ್ನು ಈಗಲೇ ಆರಂಭಿಸಬೇಕು. ಬರೆದವರ ಒಪ್ಪಿಗೆ ಪಡೆದು, ಖಾಸಗಿ ವಿವರಗಳನ್ನು ತೆಗೆದು, ದಿನಾಂಕ ಮತ್ತು ಸಂದರ್ಭಗಳೊಡನೆ ಅಂತರ್ಜಾಲದ ಮಾತುಗಳನ್ನು ಜೋಪಾನ ಮಾಡಬೇಕು. ತುಳು, ಬ್ಯಾರಿಗಳ ಧ್ವನಿ ಸಂದೇಶಗಳಿಗೆ ಮೊದಲ ಆದ್ಯತೆ ಇರಲಿ, ಏಕೆಂದರೆ ಅವುಗಳಿಗೆ ಕಾಗದದ ಪ್ರತಿ ಎಂದೂ ಇರುವುದಿಲ್ಲ. ಹಳೆಯ ಇಮೇಲ್ ಖಾತೆಯಲ್ಲಿ, ಮೂಲೆಗೆ ಬಿದ್ದ ಹಾರ್ಡ್ ಡಿಸ್ಕಿನಲ್ಲಿ 2000ದಿಂದೀಚಿನ ಇಂಥ ಮಾತುಗಳನ್ನು ಉಳಿಸಿಕೊಂಡಿರುವ ಓದುಗರು ಅವನ್ನು ಅಳಿಸಬೇಡಿ. ಹತ್ತಿರದ ಕಾಲೇಜಿನ ಕನ್ನಡ ಅಥವಾ ಇತಿಹಾಸ ವಿಭಾಗಕ್ಕೆ ಒಂದು ಪ್ರತಿ ಕೊಡಿ.