ಎನ್‌ಟಿಆರ್‌ಒ: ಕಾರ್ಗಿಲ್ ನಂತರ ಹುಟ್ಟಿದ ಕದ್ದಾಲಿಕೆ ಸಂಸ್ಥೆಗೆ ಕಾನೂನಿನ ಕಾವಲು ಎಷ್ಟಿದೆ?

1999ರ ಮೇ ಕೊನೆಯ ವಾರ. ಕಾರ್ಗಿಲ್‌ನಲ್ಲಿ ಕಾಳಗ ನಡೆದಿತ್ತು. ಚೀನಾ ಪ್ರವಾಸದಲ್ಲಿದ್ದ ಪಾಕ್ ಸೇನಾ ಮುಖ್ಯಸ್ಥ ಪರ್ವೇಜ್ ಮುಷರಫ್ ಬೀಜಿಂಗ್‌ನಿಂದ ತಮ್ಮ ಆಪ್ತ ಲೆ.ಜ. ಮೊಹಮ್ಮದ್ ಅಜೀಜ್ ಜತೆ ಫೋನಿನಲ್ಲಿ ಮಾತನಾಡಿದ್ದರು. ಆ ಮಾತು ಭಾರತದ ಕಿವಿಗೂ ಬಿತ್ತು. ಜೂನ್ 11ರಂದು ಸರ್ಕಾರ ಅದನ್ನು ಬಹಿರಂಗಪಡಿಸಿದಾಗ, ನುಸುಳಿದವರು ಬರೀ ಮುಜಾಹಿದೀನ್‌ಗಳು ಎಂಬ ಪಾಕ್ ವಾದಕ್ಕೆ ಬಲವೇ ಉಳಿಯಲಿಲ್ಲ.

ಆದರೆ ಅಷ್ಟು ದೊಡ್ಡ ನುಸುಳುವಿಕೆ ಮೊದಲೇ ಯಾಕೆ ಗೊತ್ತಾಗಲಿಲ್ಲ? ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಾಮರ್ಶೆ ಸಮಿತಿ ಕೇಳಿದ್ದು ಇದನ್ನೇ. ನಂತರ 2001ರಲ್ಲಿ ಸಚಿವರ ತಂಡ ತಾಂತ್ರಿಕ ಗುಪ್ತಚರಕ್ಕೆ ಪ್ರತ್ಯೇಕ ಸಂಸ್ಥೆ ಬೇಕೆಂದು ಶಿಫಾರಸು ಮಾಡಿತು. ಹೀಗೆ 2004ರಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಎನ್‌ಟಿಆರ್‌ಒ ಹುಟ್ಟಿತು.

ಬೆಂಗಳೂರಲ್ಲೂ ಇತ್ತು ಕೇಂದ್ರ

ಹಾಗಂತ ಈ ಕೆಲಸ ಭಾರತಕ್ಕೆ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ದೆಹಲಿಯ ಆನಂದ್ ಪರ್ಬತ್‌ನಲ್ಲಿ 'ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್' ನಡೆಸುತ್ತಿದ್ದರು. ಜಪಾನೀಯರ ರೇಡಿಯೊ ಸಂದೇಶ ಹಿಡಿದು ಸಂಕೇತ ಬಿಡಿಸುವುದೇ ಅಲ್ಲಿನ ಕೆಲಸ. ಅದರ ಉಪಕೇಂದ್ರಗಳ ಪೈಕಿ ಒಂದು ಬೆಂಗಳೂರಿನಲ್ಲಿ, ಇನ್ನೊಂದು ಕೋಲ್ಕತ್ತಾ ಸಮೀಪದ ಬ್ಯಾರಕ್‌ಪುರದಲ್ಲಿ ಇತ್ತು.

ಸ್ವಾತಂತ್ರ್ಯದ ಬಳಿಕ ಹೊಣೆ ಹಂಚಿಹೋಯಿತು. ಸೇನೆಗೆ ತನ್ನದೇ ಸಿಗ್ನಲ್ ಗುಪ್ತಚರ, ಪುಣೆಯಲ್ಲಿ ತನ್ನದೇ ಗುಪ್ತಚರ ತರಬೇತಿ ಶಾಲೆ. ಚೀನಾ ಯುದ್ಧದ ನಂತರ ವೈಮಾನಿಕ ಸಂಶೋಧನಾ ಕೇಂದ್ರ ಬಂತು. 1968ರಲ್ಲಿ 'ರಾ' ಬಂತು.

ರಾಷ್ಟ್ರೀಯ ಭದ್ರತಾ ಸಲಹೆಗಾರರ ಅಡಿಯಲ್ಲಿರುವ ಎನ್‌ಟಿಆರ್‌ಒಗೆ ಈಗ ಉಪಗ್ರಹ ಚಿತ್ರ, ಸಿಗ್ನಲ್, ಸೈಬರ್ ಎಲ್ಲವೂ ಸೇರಿದೆ. ವಿದ್ಯುತ್, ಬ್ಯಾಂಕ್‌ನಂತಹ ಪ್ರಮುಖ ಜಾಲಗಳ ಸೈಬರ್ ರಕ್ಷಣೆಗೆ 2014ರಲ್ಲಿ ರಚಿಸಿದ ಎನ್‌ಸಿಐಐಪಿಸಿ ಕೂಡ ಇದರ ಭಾಗ.

ಕೇಳುವವರನ್ನು ಕೇಳುವವರು ಯಾರು?

ಅಸಲಿ ಪ್ರಶ್ನೆ ಇಲ್ಲಿದೆ. ಎನ್‌ಟಿಆರ್‌ಒ ಸಂಸತ್ತಿನ ಪ್ರತ್ಯೇಕ ಕಾಯ್ದೆಯಿಂದ ಹುಟ್ಟಿದ್ದಲ್ಲ. ಮಾಹಿತಿ ಹಕ್ಕು ಕಾಯ್ದೆಯಿಂದ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲೂ ಇದೆ. ಇನ್ನೊಂದು ಗಮನಿಸಿ: ಕಂಪ್ಯೂಟರ್ ಮಾಹಿತಿ ಕದ್ದಾಲಿಸಲು 2018ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯ ಅಧಿಕಾರ ಕೊಟ್ಟ 10 ಸಂಸ್ಥೆಗಳಲ್ಲಿ ಇದರ ಹೆಸರಿರಲಿಲ್ಲ. ಸೇನೆಯ ಸಿಗ್ನಲ್ ಗುಪ್ತಚರ ನಿರ್ದೇಶನಾಲಯದ ಹೆಸರಿತ್ತು, ಅದೂ ಜಮ್ಮು-ಕಾಶ್ಮೀರ ಹಾಗೂ ಈಶಾನ್ಯಕ್ಕೆ ಸೀಮಿತವಾಗಿ.

ಕದ್ದಾಲಿಕೆಯ ಬಿಸಿ ಎಂಥದ್ದೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದೇ ಫೋನ್ ಕದ್ದಾಲಿಕೆ ವಿವಾದಕ್ಕೆ. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ನಿಯಮ ಹಾಕಿತು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದಿದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ.

ಗುಪ್ತಚರ ಸಂಸ್ಥೆಗಳನ್ನು ಸಂಸತ್ತಿನ ನಿಗಾಕ್ಕೆ ತರಲು ಸಂಸದ ಮನೀಶ್ ತಿವಾರಿ 2011ರಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಅಂಗೀಕಾರವಾಗಲಿಲ್ಲ. ಕದ್ದಾಲಿಕೆ ಆದೇಶಗಳನ್ನು ಪರಿಶೀಲಿಸುವುದು ಈಗಲೂ ಹಿರಿಯ ಅಧಿಕಾರಿಗಳ ಸಮಿತಿಯೇ.