ಈಜಿಪುರಕ್ಕೆ ಬಂದ ಕಲ್ಲು

ಹೋದ ತಿಂಗಳು ನಮ್ಮ ಅತ್ತಿಗೆ ಜಯನಗರದ ಹಳೇ ಮನೆ ಖಾಲಿ ಮಾಡಿಕೊಂಡು ಜೆ.ಪಿ. ನಗರಕ್ಕೆ ಬಂದ್ರು. ಬೀರು, ಮಂಚ, ಫ್ರಿಜ್ಜು, ಅಟ್ಟದ ಮೇಲಿದ್ದ ಹಿತ್ತಾಳೆ ಹಂಡೆ ಎಲ್ಲಾ ಒಂದು ಬೊಲೆರೊ ಪಿಕಪ್‌ನಲ್ಲಿ ಎರಡು ಟ್ರಿಪ್ಪಿಗೆ ಸಾಗ್ತು. ಕೊನೆಗೆ ಉಳಿದಿದ್ದು ಒರಳು ಕಲ್ಲು. ಅದನ್ನ ಹಲಗೆ ಮೇಲೆ ಉರುಳಿಸಿ ಗಾಡಿಗೆ ಹತ್ತಿಸೋ ಹೊತ್ತಿಗೆ ನಾಲ್ಕು ಜನ ಗಂಡಸರು ಬೆವೆತುಹೋದ್ರು. ಡ್ರೈವರ್ ಮಾತ್ರ ನಗ್ತಾ ನಿಂತಿದ್ದ. "ಅಮ್ಮಾ, ಎಳೆಯೋದು ನಮ್ಮ ಗಾಡಿಗೆ ಲೆಕ್ಕಾನೇ ಅಲ್ಲ. ಹತ್ತಿಸೋದು, ಇಳಿಸೋದು, ಆಮೇಲೆ ನಿಮ್ಮ ಗೇಟು ದಾಟೋದು, ಅದೇ ಕಷ್ಟ" ಅಂದ.

ಆ ಮಾತು ಕೇಳಿ ನಮ್ಮತ್ತೆ, "ಒಂದು ಒರಳಿಗೆ ಇಷ್ಟು ಪಾಡಾದ್ರೆ, ಈಜಿಪುರದ ಆ ವಿಷ್ಣೂನ ಹೆಂಗೆ ತಂದ್ರೇ?" ಅಂತ ಕೇಳಿದ್ರು. ಅವತ್ತು ಕಾಫಿ ಕುಡೀತಾ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತಿದೀನಿ.

ಈಜಿಪುರದ ಕೋದಂಡರಾಮಸ್ವಾಮಿ ದೇವಸ್ಥಾನದವರು ವಿಶ್ವರೂಪದ ವಿಷ್ಣು ಮೂರ್ತಿ ಮಾಡಿಸಬೇಕು, ಅದೂ ಒಂದೇ ಕಲ್ಲಿನಲ್ಲಿ, ಅಂತ ಹೊರಟ್ರು. ಅಷ್ಟು ದೊಡ್ಡ ಕಲ್ಲು ಸಿಕ್ಕಿದ್ದು ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ವಂದವಾಸಿ ಹತ್ತಿರ, ಕೊರಕೋಟ್ಟೈ ಅನ್ನೋ ಹಳ್ಳೀಲಿ. ಮುಖ, ಕೈಗಳ ಆಕಾರವನ್ನ ಅಲ್ಲೇ ಒಂದು ಮಟ್ಟಿಗೆ ಕಡೆದ್ರು. ಹಾಗೆ ಕಡೆದ ಮೇಲೂ ಉಳಿದಿದ್ದು 64 ಅಡಿ ಉದ್ದ, 26 ಅಡಿ ಅಗಲ, ಮುನ್ನೂರು ಟನ್ನಿಗೂ ಮೇಲಿನ ತೂಕ. ಆದಿಶೇಷನ ಏಳು ಹೆಡೆಗೆ ಬೇರೆ ಕಲ್ಲು. 2018ರ ಡಿಸೆಂಬರ್‌ನಲ್ಲಿ ಅಲ್ಲಿಂದ ಹೊರಟ ಮೂರ್ತಿ ಬೆಂಗಳೂರು ಸೇರೋ ಹೊತ್ತಿಗೆ 2019ರ ಮಳೆಗಾಲ ಶುರುವಾಗಿತ್ತು. ದಾರಿ ಸುಮಾರು 300 ಕಿಲೋಮೀಟರ್. ಲೆಕ್ಕ ಹಾಕಿದ್ರೆ ದಿನಕ್ಕೆ ಎರಡು ಕಿಲೋಮೀಟರೂ ಇಲ್ಲ. ಆ ಲೆಕ್ಕದಲ್ಲಿ ಬಿಟಿಎಂನಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಸೊಪ್ಪು ತರೋಕೆ ಹೋದ್ರೆ ಎರಡು ದಿನ! (ಸಂಜೆ ಆರು ಗಂಟೆಗೆ ಹೊರಟ್ರೆ ಈಗಲೂ ಹಾಗೇ ಅನ್ಸುತ್ತೆ, ಅದು ಬೇರೆ ಮಾತು.)

ಇಷ್ಟು ತೂಕ ಎಳೆಯೋ ಇಂಜಿನ್ ಎಂಥದ್ದು ಅಂತ ಎಲ್ಲರೂ ಕೇಳ್ತಾರೆ. ನನಗೆ ಇದು ಅರ್ಥವಾಗಿದ್ದು ಅಡುಗೆಮನೇಲಿ. ಮಿಕ್ಸಿ ಗಿರ್ರ್ ಅಂತ ತಿರುಗುತ್ತೆ, ಗಟ್ಟಿ ಉದ್ದಿನ ಹಿಟ್ಟು ಹಾಕಿದ್ರೆ ಬಿಸಿಯಾಗಿ ನಿಂತುಹೋಗುತ್ತೆ. ಗ್ರೈಂಡರ್ ನಿಧಾನ, ಆದ್ರೆ ಕಲ್ಲು ಎಷ್ಟು ಭಾರ ಇದ್ರೂ ಬಿಡಲ್ಲ. ಪೆಟ್ರೋಲ್ ಇಂಜಿನ್ನು ಮಿಕ್ಸಿ ಇದ್ದ ಹಾಗೆ, ಡೀಸೆಲ್ಲು ಗ್ರೈಂಡರ್. ನಿಧಾನವಾಗಿ ತಿರುಗುವಾಗಲೇ ಅದಕ್ಕೆ ಎಳೆಯೋ ಶಕ್ತಿ ಜಾಸ್ತಿ. ಅದರ ಜೊತೆಗೆ ತೀರಾ ಸಣ್ಣ ಗೇರು, ಚಕ್ರಕ್ಕೆ ಹಿಡಿತ ಸಿಗಲಿ ಅಂತ ಎಳೆಯೋ ಗಾಡಿಗೇ ಸಾಕಷ್ಟು ತೂಕ. ಸಾಮಾನ್ಯವಾಗಿ ಇಂಥ ಸಾಗಾಟಕ್ಕೆ ಒಂದೇ ಗಾಡಿ ಇರಲ್ಲ. ಏರು ಬಂದ್ರೆ ಹಿಂದಿನಿಂದ ಇನ್ನೊಂದು ತಳ್ಳುತ್ತೆ, ಇಳಿಜಾರಲ್ಲಿ ಅದೇ ಹಿಂದಕ್ಕೆ ಹಿಡಿದುಕೊಳ್ಳುತ್ತೆ. ಇಳಿಯುವಾಗಲೇ ಭಯ ಜಾಸ್ತಿ, ಏರುವಾಗ ಅಲ್ಲ.

ಆದ್ರೆ ನಿಜವಾದ ಕೆಲಸ ಇಂಜಿನ್ನಿನದ್ದಲ್ಲ, ಚಕ್ರದ್ದು. ಮೂರ್ತಿ ಮಲಗಿದ್ದ ಟ್ರೈಲರ್‌ಗೆ 240 ಚಕ್ರ. 350 ಟನ್ ಅಂತ ಹಿಡಿದುಕೊಂಡ್ರೂ ಭಾಗಿಸಿದಾಗ ಒಂದು ಚಕ್ರಕ್ಕೆ ಸುಮಾರು ಒಂದೂವರೆ ಟನ್. ಅಂದ್ರೆ ಅತ್ತಿಗೆ ಮನೆ ಸಾಮಾನು ತಂದ ಪಿಕಪ್ಪು ಹೊರೋ ಅಷ್ಟು ತೂಕ ಒಂದೊಂದು ಚಕ್ರದ ಮೇಲೆ. ಅದೂ ಎಲ್ಲಾ ಚಕ್ರ ಸಮವಾಗಿ ಹೊತ್ರೆ ಮಾತ್ರ. ಗುಂಡಿ ಬಂದಾಗ ನಾಲ್ಕು ಚಕ್ರ ಗಾಳೀಲಿ ನಿಂತ್ರೆ ಅವುಗಳ ಪಾಲು ಪಕ್ಕದವುಕ್ಕೆ ಬೀಳುತ್ತೆ, ಟೈರ್ ಒಡೆಯುತ್ತೆ. ಈ ಪ್ರಯಾಣದಲ್ಲೂ ಟೈರುಗಳು ಒಡೆದವು, ಗಾಡಿ ದಿನಗಟ್ಟಲೆ ನಿಂತಿತು. ಬೀರು ಅಲ್ಲಾಡಿದ್ರೆ ಕಾಲಿನಡಿ ಕಾಗದ ಮಡಚಿ ಇಡ್ತೀವಲ್ಲ, ಆ ಕೆಲಸಾನ ಇಂಥ ಟ್ರೈಲರ್‌ನಲ್ಲಿ ಎಣ್ಣೆಯ ಒತ್ತಡದಿಂದ ಮೇಲೆ ಕೆಳಗೆ ಆಡೋ ಕಾಲುಗಳು ಮಾಡ್ತವೆ. ರಸ್ತೆ ತಗ್ಗಾದ ಕಡೆ ಕಾಲು ಉದ್ದ ಆಗುತ್ತೆ, ಉಬ್ಬಿದ ಕಡೆ ಗಿಡ್ಡ ಆಗುತ್ತೆ.

ಇದಕ್ಕೆ ಮುಂಚೆ ನಮ್ಮ ಕರ್ನಾಟಕದಲ್ಲೇ ಇಂಥದ್ದೊಂದು ಆಗಿತ್ತು, ದೊಡ್ಡವರಿಗೆ ನೆನಪಿರಬಹುದು. ಧರ್ಮಸ್ಥಳದ ಬಾಹುಬಲಿ. 39 ಅಡಿಯ ಆ ಮೂರ್ತಿಯನ್ನ ರೆಂಜಾಳ ಗೋಪಾಲ ಶೆಣೈ ಕೆತ್ತಿದ್ದು ಧರ್ಮಸ್ಥಳದಲ್ಲಲ್ಲ, ಕಾರ್ಕಳದಲ್ಲಿ. ಶುರು ಮಾಡಿಸಿದ ರತ್ನವರ್ಮ ಹೆಗ್ಗಡೆಯವರು 1968ರಲ್ಲಿ ತೀರಿಕೊಂಡ್ರು. ಇಪ್ಪತ್ತರ ಹುಡುಗ ವೀರೇಂದ್ರ ಹೆಗ್ಗಡೆಯವರು ಪಟ್ಟಕ್ಕೆ ಬಂದು, ತಾಯಿ ರತ್ನಮ್ಮನವರ ಜೊತೆ ಅದನ್ನ ಮುಂದುವರಿಸಿದ್ರು. 1973ರಲ್ಲಿ ಬೊಂಬಾಯಿಯ ಮಂಗತ್‌ರಾಮ್ ಬ್ರದರ್ಸ್ ಅನ್ನೋ ಕಂಪನಿಯ 64 ಚಕ್ರದ ಟ್ರಾಲಿ ಮೇಲೆ ಸುಮಾರು 170 ಟನ್ನಿನ ಬಾಹುಬಲಿ ಮಲಗಿಕೊಂಡೇ ಹೊರಟ. ಒಂದು ಚಕ್ರಕ್ಕೆ ಎರಡೂವರೆ ಟನ್ನಿಗೂ ಜಾಸ್ತಿ! ನೇತ್ರಾವತಿ ದಾಟಬೇಕು, ಘಟ್ಟದ ಬುಡದ ಏರು ತಗ್ಗು, ಕೊನೆಗೆ ಬೆಟ್ಟ ಹತ್ತಬೇಕು. 1975ರಲ್ಲಿ ನಿಲ್ಲಿಸಿದ್ರು, 1982ರಲ್ಲಿ ಮೊದಲ ಮಹಾಮಸ್ತಕಾಭಿಷೇಕ.

ಅದೇ ಕಾರ್ಕಳದ ಹಳೇ ಗೊಮ್ಮಟನದ್ದು ಇನ್ನೊಂದು ಕಥೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು, 42 ಅಡಿ. ಕಡೆದ ಮೂರ್ತಿಯನ್ನ ಚಕ್ರದ ಬಂಡಿ ಮೇಲೆ ಮಲಗಿಸಿ ಜನ ಬೆಟ್ಟಕ್ಕೆ ಎಳೆದ್ರು ಅನ್ನೋದನ್ನ ಚಂದ್ರಮ ಕವಿ ಕಾವ್ಯದಲ್ಲೇ ಬರೆದಿಟ್ಟಿದ್ದಾನೆ. ಡೀಸೆಲ್ಲಿಲ್ಲ, ಟೈರಿಲ್ಲ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಇನ್ನೂ ಜಾಣ. ಹತ್ತನೇ ಶತಮಾನದಲ್ಲೇ ಬೆಟ್ಟದ ತುದಿಯ ಬಂಡೆಯನ್ನೇ 58 ಅಡಿ ಗೊಮ್ಮಟ ಮಾಡಿಸಿಬಿಟ್ಟ. ಸಾಗಿಸೋ ಗೋಜೇ ಇಲ್ಲ.

ಈಗ ನನಗೆ ಹೇಳಬೇಕು ಅನ್ಸಿದ ವಿಷಯಕ್ಕೆ ಬರ್ತೀನಿ. ಡ್ರೈವರ್ ಹೇಳಿದ್ನಲ್ಲ, ಗೇಟು ದಾಟೋದು ಕಷ್ಟ ಅಂತ. ಊರಿನ ರಥದ ಬೀದಿ ನೋಡಿದೀರಲ್ಲ? ತೇರು ಎಷ್ಟು ಅಗಲ, ಎಲ್ಲಿ ತಿರುಗಬೇಕು ಅಂತ ನೋಡಿಕೊಂಡೇ ಬೀದಿ ಬಿಟ್ಟಿರ್ತಾರೆ. ಯಾರ ಮನೆ ಸೂರೂ ಮುಂದೆ ಚಾಚಿರಲ್ಲ, ಚಾಚಿದ್ರೆ ಊರಿನವರೇ ಬೈತಾರೆ. ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ತಿರುಗಿಸೋರಿಗೆ ಪ್ರತಿ ಕಲ್ಲೂ ಗೊತ್ತು. ಅಲ್ಲಿ ಮೊದಲು ದಾರಿ, ಆಮೇಲೆ ತೇರು. ಕೊರಕೋಟ್ಟೈನಿಂದ ಹೊರಟಿದ್ದು ಉಲ್ಟಾ. ಮೊದಲು ಮೂರ್ತಿ, ಆಮೇಲೆ ದಾರಿ. 26 ಅಡಿ ಅಗಲದ ಕಲ್ಲು ಹಳ್ಳಿಯ ರಸ್ತೇಲಿ ತಿರುಗಬೇಕಾದಾಗ ಎರಡೂ ಕಡೆ ಅಂಗಡಿಗಳ, ಮನೆಗಳ ಮುಂಭಾಗ ಒಡೀಬೇಕಾಯ್ತು. ಪರಿಹಾರದ ಮಾತೂ ನಡೀತು, ಜಗಳಾನೂ ನಡೀತು. ಅದೇ ಬೀದೀಲಿ ಜನ ಕರ್ಪೂರ ಹಚ್ಚಿ, ತೆಂಗಿನಕಾಯಿ ಒಡೆದು ಕೈ ಮುಗಿದ್ರು.

ಅವತ್ತಿನ ಪೇಪರ್‌ನಲ್ಲಿ ಚಕ್ರದ ಲೆಕ್ಕ ದಪ್ಪಕ್ಷರದಲ್ಲಿತ್ತು, ಮನೆಗಳ ವಿಷಯ ಕೆಳಗೆ ಎರಡು ಸಾಲು. "ಮುಂಭಾಗ" ಅಂತ ಸುಲಭವಾಗಿ ಬರೆದುಬಿಡ್ತಾರೆ. ಸಣ್ಣ ಮನೆಯ ಮುಂಭಾಗ ಅಂದ್ರೆ ಏನು ಅಂತ ನಮಗೆ ಗೊತ್ತು. ಅದೇ ಜಗಲಿ, ಅದೇ ಹೊಸ್ತಿಲು, ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಡೋ ಜಾಗ, ಕೆಲವು ಕಡೆ ಮಳೇಲಿ ಒಲೆ ಹಚ್ಚೋ ಜಾಗಾನೂ ಅದೇ. ಮೆಟ್ರೋ ಬಂದಾಗ ನಮ್ಮ ಕಡೆಯ ಎಷ್ಟೋ ಜನ ಕಾಂಪೌಂಡು, ಅಂಗಡಿ ಕಳ್ಕೊಂಡು ದುಡ್ಡು ಇಸ್ಕೊಂಡ್ರು. ಹೊಸ್ತಿಲಿಗೆ ಎಷ್ಟು ಅಂತ ಯಾವ ರಸೀತೀಲೂ ಇರಲಿಲ್ಲ. ದೇವರು ಬೇಡ ಅಂತ ನಾನು ಹೇಳ್ತಿಲ್ಲ. ಹೊರಡೋಕೆ ಮುಂಚೆ ಹಗ್ಗ ಹಿಡಿದು ಆ ಬೀದಿ ಅಗಲ ಅಳೆದು, ಆ ಮನೆ ಹೆಂಗಸರನ್ನ ಒಂದು ಮಾತು ಕೇಳಿ ಹೊರಡಬೇಕಿತ್ತು ಅಂತಷ್ಟೇ.

ನದಿಗಳೂ ಅಷ್ಟೇ. ಹೊಸೂರು ಹತ್ತಿರ ದಕ್ಷಿಣ ಪಿನಾಕಿನಿ ಅಡ್ಡ ಬಂತು. ಅಲ್ಲಿರೋ ಸೇತುವೆ ಇಷ್ಟು ತೂಕ ತಡೆಯಲ್ಲ, ಹಾಗಾಗಿ ನದೀಲೇ ಮಣ್ಣು ತುಂಬಿ ತಾತ್ಕಾಲಿಕ ದಾರಿ ಮಾಡಿದ್ರು. ಆ ನದಿಗೂ ನಮಗೂ ನಂಟಿದೆ ಗೊತ್ತಾ? ಬಿಟಿಎಂ ಕಡೆಯ ನೀರು ಮಡಿವಾಳ ಕೆರೆ, ಅಗರ, ಬೆಳ್ಳಂದೂರು, ವರ್ತೂರು ಹಾದು ಕೊನೆಗೆ ಸೇರೋದು ಅದಕ್ಕೇ. ನಮ್ಮ ಪಾತ್ರೆ ತೊಳೆದ ನೀರು ಹೋಗೋ ದಾರೀಲಿ ದೇವರು ಎದುರು ಬಂದ.

ಈಗ ಈಜಿಪುರಕ್ಕೆ ಹೋದ್ರೆ ಕತ್ತು ಎತ್ತಿ ನೋಡಬೇಕು. ಹೆಡೆ ಸೇರಿ 108 ಅಡಿ. ಮುಂದಿನ ಶನಿವಾರ ಅತ್ತೇನ ಕರ್ಕೊಂಡು ಹೋಗ್ತಿದೀನಿ, ಬರೋರು ಫೋನ್ ಮಾಡಿ, ಸಿಲ್ಕ್ ಬೋರ್ಡ್ ಹತ್ತಿರ ಹತ್ತಿಸ್ಕೊಳ್ತೀನಿ. ಅತ್ತಿಗೆ ಬರಲ್ಲವಂತೆ. ಒರಳು ಇನ್ನೂ ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲೇ ಕೂತಿದೆ, ಲಿಫ್ಟಿಗೆ ಹಾಕೋಕೆ ಸೆಕ್ಯುರಿಟಿ ಬಿಡ್ತಿಲ್ಲ.