ಕಾಫಿ ಬೀಜ ಕೊಳ್ಳುವ ಮುನ್ನ

ಕಾಫಿಪುಡಿ ಅಂಗಡಿಯ ಮುಂದೆ ಹಾದುಹೋಗುವಾಗ ಹುರಿದ ಬೀಜದ ಘಮಲು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಒಳಗೆ ಡಬ್ಬಿಗಳ ಮೇಲೆ ‘ಪ್ಲಾಂಟೇಶನ್ ಎ’, ‘ಪೀಬೆರಿ’, ‘ರೋಬಸ್ಟಾ ಚೆರ್ರಿ’ ಎಂದೆಲ್ಲ ಬರೆದಿರುತ್ತದೆ. ಅದನ್ನು ಓದುವ ಗೋಜಿಗೆ ಹೋಗದೆ ‘ಕಾಲು ಕೆಜಿ ಪುಡಿ ಕೊಡಿ’ ಎಂದು ಹಣ ಕೊಟ್ಟು ಬರುವವರೇ ನಮ್ಮಲ್ಲಿ ಹೆಚ್ಚು. ಬೀಜವನ್ನೇ ಕೊಂಡು ಮನೆಯಲ್ಲಿ ಪುಡಿ ಮಾಡಿಕೊಳ್ಳುವವರಿಗೆ ಮಾತ್ರ ಒಂದು ಪ್ರಶ್ನೆ ಎದುರಾಗುತ್ತದೆ: ಈ ಬೀಜ ಎಲ್ಲಿಂದ ಬಂತು?

ಈ ಪ್ರಶ್ನೆಯ ಉತ್ತರ ದೂರದಿಂದ ಆರಂಭವಾಗುತ್ತದೆ. ಕಾಫಿ ಗಿಡದ ತವರು ಇಥಿಯೋಪಿಯಾದ ಕಾಡು. ಆದರೆ ಅದನ್ನು ಪಾನೀಯವಾಗಿ ಬಳಕೆಗೆ ತಂದವರು 15ನೇ ಶತಮಾನದ ಯೆಮನ್‌ನ ಸೂಫಿಗಳು. ರಾತ್ರಿಯ ಝಿಕ್ರ್‌ಗೆ ಎಚ್ಚರವಿರಲು ಅವರು ಇದನ್ನು ಕುಡಿಯುತ್ತಿದ್ದರು. ಕೈರೋದ ಅಲ್-ಅಝ್‌ಹರ್‌ನಲ್ಲಿದ್ದ ಯೆಮನಿಗಳು ಮಣ್ಣಿನ ದೊಡ್ಡ ಪಾತ್ರೆಯಲ್ಲಿ ಕಾಫಿ ತುಂಬಿಟ್ಟು, ಬಲಗಡೆಯಿಂದ ಒಬ್ಬೊಬ್ಬರಿಗೂ ಹಂಚಿಕೊಂಡು ದೇವಸ್ಮರಣೆಯಲ್ಲಿ ತೊಡಗುತ್ತಿದ್ದುದನ್ನು ಅಬ್ದುಲ್ ಖಾದಿರ್ ಅಲ್-ಜಝೀರಿ 16ನೇ ಶತಮಾನದಲ್ಲಿ ಬರೆದ ಗ್ರಂಥ ದಾಖಲಿಸಿದೆ. ಇದೇ ಪಾನೀಯವನ್ನು 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ನಿಷೇಧಿಸಿದ. ಕೈರೋದ ಆಡಳಿತ ಕಾಫಿಯನ್ನೇ ನಿಷೇಧಿಸಲು ಒಪ್ಪಲಿಲ್ಲ. ಜನ ಕುಡಿಯುತ್ತಲೇ ಹೋದರು.

ಮುಂದೆ ಯೆಮನ್‌ನ ಮೋಖಾ ಬಂದರು ಕಾಫಿ ವ್ಯಾಪಾರದ ಹೆಬ್ಬಾಗಿಲಾಯಿತು. ಮೊಳೆಯಬಲ್ಲ ಬೀಜವನ್ನು ಅರಬರು ಹೊರಗೆ ಬಿಡುತ್ತಿರಲಿಲ್ಲವೆಂಬುದು ಪ್ರತೀತಿ. ಹಜ್ ಮುಗಿಸಿ ಬಂದ ಸೂಫಿ ಸಂತ ಬಾಬಾ ಬುಡನ್ 17ನೇ ಶತಮಾನದಲ್ಲಿ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮ ನಾಡು ನಂಬಿಕೊಂಡು ಬಂದಿದೆ. 1696ರಲ್ಲೂ 1699ರಲ್ಲೂ ಡಚ್ಚರು ಮಲಬಾರಿನಿಂದ ಜಾವಾಕ್ಕೆ ಕಾಫಿ ಒಯ್ದರು. ಜಾವಾದ ಗಿಡ 1706ರಲ್ಲಿ ಆಮ್‌ಸ್ಟರ್‌ಡಾಮ್ ಸೇರಿತು. ಅದರ ಸಂತಾನ 1714ರಲ್ಲಿ ಫ್ರಾನ್ಸಿನ ದೊರೆಗೆ ಉಡುಗೊರೆಯಾಗಿ, ಅಲ್ಲಿಂದ ಅಮೆರಿಕಾ ಖಂಡಕ್ಕೆ ಹಬ್ಬಿತು. ಡಚ್ಚರು ಒಯ್ದದ್ದು ಬಾಬಾ ಬುಡನ್‌ರ ಗಿಡದ ಸಂತತಿಯೇ ಎಂದು ನಾವು ಹಟ ಹಿಡಿಯಬೇಕಾಗಿಲ್ಲ. ಯೆಮನ್‌ನ ಬೀಜ ನಮ್ಮ ನೆಲದಲ್ಲಿ ಬೇರುಬಿಟ್ಟು ಲೋಕಕ್ಕೆ ಹೋಯಿತು ಎಂಬುದಷ್ಟೇ ಸಾಕು.

ಈಗ ಅಂಗಡಿಯ ಡಬ್ಬಿಗಳಿಗೆ ಬರೋಣ. ‘ಪ್ಲಾಂಟೇಶನ್’ ಎಂದರೆ ಹಣ್ಣಿನ ತಿರುಳು ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ‘ಎ’ ಎಂಬುದು ಬೀಜದ ಗಾತ್ರದ ಗುರುತು. ‘ಚೆರ್ರಿ’ ಎಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿ ಸಿಪ್ಪೆ ಬಿಡಿಸಿದ್ದು. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಗುಂಡಗೆ ಬೆಳೆದರೆ ಅದು ‘ಪೀಬೆರಿ’. ಅರೇಬಿಕಾದಲ್ಲಿ ಪರಿಮಳ, ನವಿರಾದ ಹುಳಿ. ಎಲೆರೋಗ ಅರೇಬಿಕಾವನ್ನು ಕಾಡಿದ ಮೇಲೆ 20ನೇ ಶತಮಾನದ ಆರಂಭದಲ್ಲಿ ಬಂದ ರೋಬಸ್ಟಾದಲ್ಲಿ ಕಹಿ ಹೆಚ್ಚು, ಕೆಫೀನ್ ಹೆಚ್ಚು, ಡಿಕಾಕ್ಷನ್ ಗಟ್ಟಿ. ಹಾಲು ಬೆರೆಸಿ ಕುಡಿಯುವವರು ಅರೇಬಿಕಾಕ್ಕೆ ಸ್ವಲ್ಪ ರೋಬಸ್ಟಾ ಸೇರಿಸಿಕೊಳ್ಳಬಹುದು. ಹಾಲಿಲ್ಲದೆ ಕುಡಿಯುವವರಿಗೆ ಹದವಾಗಿ ಹುರಿದ ಅರೇಬಿಕಾ ಒಂದೇ ಸಾಕು.

ಕೊಳ್ಳುವಾಗ ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಹರಡಿ ನೋಡಬೇಕು. ಗಾತ್ರವೂ ಬಣ್ಣವೂ ಹೆಚ್ಚುಕಡಿಮೆ ಒಂದೇ ಸಮನಾಗಿರಬೇಕು. ಒಡಕು, ಸುಟ್ಟು ಕರಿಕಲಾದದ್ದು, ಹುಳು ಕೊರೆದ ತೂತಿನದು ಹೆಚ್ಚಿದ್ದರೆ ಬಿಡುವುದೇ ಲೇಸು. ಯಾವಾಗ ಹುರಿದದ್ದೆಂದು ಸಂಕೋಚವಿಲ್ಲದೆ ಕೇಳಬೇಕು. ಹತ್ತು ಹದಿನೈದು ದಿನಕ್ಕೆ ಆಗುವಷ್ಟನ್ನೇ ತಂದು, ಗಾಳಿಯಾಡದ ಡಬ್ಬಿಯಲ್ಲಿ ಬಿಸಿಲು, ತೇವ ತಾಗದಂತಿಟ್ಟು, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿಕೊಳ್ಳಬೇಕು. ಪುಡಿಯಾದ ಕೂಡಲೇ ಪರಿಮಳ ಹಾರತೊಡಗುತ್ತದೆ.

ಬೀಜಕ್ಕೆ ಮುಖವಿದೆ, ಪುಡಿಗೆ ಇಲ್ಲ. ಪುಡಿಯಲ್ಲಿ ಚಿಕೋರಿ ಎಷ್ಟಿದೆಯೆಂದು ಕಣ್ಣು ಹೇಳಲಾರದು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂದು ಕಾನೂನಿದೆ. ಚಿಕೋರಿ ವಿಷವೇನಲ್ಲ, ಅದೂ ಒಂದು ಗಿಡದ ಬೇರು. ಬೆರೆಸಿದ್ದನ್ನು ಹೇಳದಿರುವುದಷ್ಟೇ ಮೋಸ.

ಚರಿತ್ರೆಗೂ ಈ ಮಾತು ಸಲ್ಲುತ್ತದೆ. ಮುಸ್ಲಿಮರು ದಾದಾ ಹಯಾತ್ ಖಲಂದರ್ ಎಂದೂ ಹಿಂದೂಗಳು ದತ್ತಾತ್ರೇಯ ಎಂದೂ ಕರೆದು, ಹರಕೆ ಹೊತ್ತು ಒಂದೇ ಗುಹೆಗೆ ಬಂದ ತಾಣ ಬಾಬಾಬುಡನ್‌ಗಿರಿ. ‘ಇದು ಯಾರದು’ ಎಂಬ ಜಗಳ ದಶಕಗಳ ಹಿಂದೆಯೇ ನ್ಯಾಯಾಲಯದ ಮೆಟ್ಟಿಲೇರಿ, 1990ರ ದಶಕದ ಕೊನೆಯ ಹೊತ್ತಿಗೆ ಬೀದಿಗೂ ಇಳಿಯಿತು. ಚರಿತ್ರೆಯನ್ನು ನುಣ್ಣಗೆ ಪುಡಿಮಾಡಿ, ತಮಗೆ ಬೇಕಾದುದನ್ನು ಬೆರೆಸಿ ಪೊಟ್ಟಣ ಕಟ್ಟಿ ಹಂಚುವವರಿಗೆ ಆ ಜಗಳ ಲಾಭದ ವ್ಯಾಪಾರ. ಅತ್ತ 2019ರಲ್ಲಿ ‘ಬಾಬಾಬುಡನ್‌ಗಿರಿ ಅರೇಬಿಕಾ’ಕ್ಕೆ ಭೌಗೋಳಿಕ ಸೂಚಕ ದೊರೆಯಿತು. ಸಂತನ ಹೆಸರನ್ನು ಬೀಜ ಇಂದಿಗೂ ಹೊತ್ತು ತಿರುಗುತ್ತಿದೆ.

ಆ ಬೀಜ ಇಥಿಯೋಪಿಯಾದ್ದೂ ಹೌದು, ಯೆಮನ್‌ನದೂ ಹೌದು, ನಮ್ಮದೂ ಹೌದು. ಅದನ್ನು ಇಂದು ಬೆಳೆಸುವ ತೋಟಗಳಲ್ಲಿ ಹಣ್ಣು ಕೀಳುವ ಕೈಗಳು ಎಲ್ಲ ಜಾತಿ, ಧರ್ಮದವು. ಮುಂದಿನ ಸಲ ಅಂಗಡಿಗೆ ಹೋದಾಗ ಪುಡಿಯ ಬದಲು ಒಂದು ಹಿಡಿ ಬೀಜ ಕೇಳಿ ನೋಡೋಣ. ಎಲ್ಲಿಯದೆಂದು ವಿಚಾರಿಸೋಣ. ಹಾಗೆ ವಿಚಾರಿಸುವ ರೂಢಿ ಕಾಫಿಗಷ್ಟೇ ಸೀಮಿತವಾಗದಿರಲಿ.